ಫ್ಲೂ ಮಾತ್ರೆಗೆ ದಡಾರ ಬಗ್ಗುತ್ತದೆಯೇ?

ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪಾದ ಕಣ್ಣು. ಮೊದಲ ಮೂರು ದಿನ ಮಗುವಿಗೆ ಬಂದಿರುವುದು ಫ್ಲೂ ಎಂದುಕೊಂಡೇ ಮನೆಯವರು ಆರೈಕೆ ಮಾಡುತ್ತಾರೆ. ನಾಲ್ಕನೆಯ ದಿನದ ಹೊತ್ತಿಗೆ ಕಿವಿಯ ಹಿಂದೆ, ಹಣೆಯ ಮೇಲೆ ಕೆಂಪು ದದ್ದು ಕಾಣಿಸಿಕೊಂಡು ಮುಖ, ಎದೆ, ಹೊಟ್ಟೆ, ಕೈಕಾಲುಗಳಿಗೆ ಇಳಿಯುತ್ತಾ ಹೋದಾಗ ಅದು ದಡಾರ ಎಂದು ಗೊತ್ತಾಗುತ್ತದೆ. ಕೆಲವು ಕಡೆ ಇದನ್ನೇ ಗೊಬ್ಬರ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಹಿಂದೊಮ್ಮೆ ಫ್ಲೂ ಜ್ವರಕ್ಕೆ ತಂದ ಒಸೆಲ್ಟಾಮಿವಿರ್ ಕ್ಯಾಪ್ಸೂಲೋ, ಕೋವಿಡ್ ಕಾಲದ ಫವಿಪಿರಾವಿರ್ ಮಾತ್ರೆಯೋ ಉಳಿದಿರುತ್ತದೆ. ಫ್ಲೂ ಬರುವುದು ವೈರಸ್ಸಿನಿಂದ, ದಡಾರ ಬರುವುದೂ ವೈರಸ್ಸಿನಿಂದ. ಅದಕ್ಕೆ ಕೊಡುವ ಔಷಧಿ ಇದಕ್ಕೆ ಯಾಕಾಗಬಾರದು ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ.

ಉತ್ತರ ಚಿಕ್ಕದು: ಆಗುವುದಿಲ್ಲ. ಫ್ಲೂಗೆಂದು ಬಳಕೆಯಲ್ಲಿರುವ ಯಾವ ಔಷಧಿಯೂ ದಡಾರವನ್ನು ವಾಸಿಮಾಡುತ್ತದೆ ಎಂದು ರೋಗಿಗಳಲ್ಲಿ ಸಾಬೀತಾಗಿಲ್ಲ. ಅವುಗಳಲ್ಲಿ ಹೆಚ್ಚಿನವು ಕೆಲಸ ಮಾಡಲು ಸಾಧ್ಯವೇ ಇಲ್ಲ, ಏಕೆಂದರೆ ಅವು ಹಿಡಿದು ನಿಲ್ಲಿಸುವ ಭಾಗವೇ ದಡಾರದ ವೈರಸ್ಸಿನಲ್ಲಿ ಇಲ್ಲ. ಒಂದೇ ಒಂದು ಔಷಧಿ ಮಾತ್ರ ಪ್ರಯೋಗಾಲಯದ ಮಟ್ಟದಲ್ಲಿ ಸ್ವಲ್ಪ ಪರಿಣಾಮ ತೋರಿಸಿದೆ. ಯಾಕೆ ಹೀಗೆ ಎಂದು ತಿಳಿದರೆ, ದಡಾರ ಬಂದ ಮಗುವಿಗೆ ನಿಜವಾಗಿ ಏನು ಮಾಡಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಒಂದು ವೈರಸ್ಸಿನ ಮದ್ದು ಇನ್ನೊಂದಕ್ಕಿಲ್ಲ

ಆಂಟಿಬಯಾಟಿಕ್‌ಗಳ ಅನುಭವ ನಮ್ಮನ್ನು ತಪ್ಪು ಎಣಿಕೆಗೆ ಎಳೆಯುತ್ತದೆ. ಅಮಾಕ್ಸಿಸಿಲಿನ್ ಗಂಟಲಿಗೂ ಆಗುತ್ತದೆ, ಕಿವಿಗೂ ಆಗುತ್ತದೆ, ನ್ಯುಮೋನಿಯಾಕ್ಕೂ ಆಗುತ್ತದೆ. ಬ್ಯಾಕ್ಟೀರಿಯಾ ಎಂದರೆ ಪೂರ್ಣವಾದ ಒಂದು ಜೀವಕೋಶ. ಅದಕ್ಕೆ ತನ್ನದೇ ಹೊರಗೋಡೆ ಇದೆ, ಪ್ರೋಟೀನ್ ತಯಾರಿಸುವ ತನ್ನದೇ ವ್ಯವಸ್ಥೆ ಇದೆ. ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಲ್ಲಿ ಈ ಗೋಡೆ ಬಹುಮಟ್ಟಿಗೆ ಒಂದೇ ರೀತಿ ಕಟ್ಟಲ್ಪಡುತ್ತದೆ. ಮನುಷ್ಯನ ಕೋಶಕ್ಕೆ ಅಂಥ ಗೋಡೆಯೇ ಇಲ್ಲ. ಹಾಗಾಗಿ ಗೋಡೆ ಕಟ್ಟುವುದನ್ನು ತಡೆಯುವ ಒಂದೇ ಔಷಧಿ ನಮಗೆ ಹಾನಿ ಮಾಡದೆ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ವೈರಸ್ಸಿಗೆ ಇಷ್ಟು ಆಸ್ತಿ ಇಲ್ಲ. ದಡಾರದ ವೈರಸ್ಸಿನಲ್ಲಿ ಇರುವುದು ಆರು ಜೀನ್‌ಗಳು, ಹೆಚ್ಚುಕಡಿಮೆ 16 ಸಾವಿರ ಅಕ್ಷರಗಳ ಒಂದು ಆರ್‌ಎನ್‌ಎ ಎಳೆ, ಅದರ ಸುತ್ತ ಒಂದು ಕೊಬ್ಬಿನ ಪೊರೆ. ಉಳಿದದ್ದನ್ನೆಲ್ಲ ಅದು ನಮ್ಮ ಕೋಶದಿಂದಲೇ ಮಾಡಿಸಿಕೊಳ್ಳುತ್ತದೆ. ನಮ್ಮ ಕೋಶದ ಕೆಲಸ ನಿಲ್ಲಿಸಿದರೆ ನಾವೇ ಉಳಿಯುವುದಿಲ್ಲ. ಆದ್ದರಿಂದ ಔಷಧಿ ತಯಾರಿಸುವವರು ವೈರಸ್ಸಿನ ಸ್ವಂತದ್ದಾದ ಒಂದೋ ಎರಡೋ ಭಾಗ ಹುಡುಕಿ, ಅದಕ್ಕೇ ಹೊಂದುವ ಅಣು ತಯಾರಿಸುತ್ತಾರೆ. ಆ ಭಾಗ ಒಂದು ಗುಂಪಿನ ವೈರಸ್ಸಿನಲ್ಲಿ ಒಂದು ರೂಪದಲ್ಲಿದ್ದರೆ ಇನ್ನೊಂದರಲ್ಲಿ ಬೇರೆ ರೂಪದಲ್ಲಿರುತ್ತದೆ, ಅಥವಾ ಇರುವುದೇ ಇಲ್ಲ.

ಚಿಕನ್‌ಪಾಕ್ಸ್‌ಗೆ ಎಸೈಕ್ಲೋವಿರ್ ಕೊಡುತ್ತಾರಲ್ಲ, ಮೈಮೇಲೆ ದದ್ದು ಏಳುವ ದಡಾರಕ್ಕೂ ಅದನ್ನೇ ಕೊಟ್ಟರಾಯಿತು ಎನ್ನುವವರಿದ್ದಾರೆ. ಎಸೈಕ್ಲೋವಿರ್ ತಾನಾಗಿ ಏನೂ ಮಾಡದು. ಹರ್ಪಿಸ್ ಗುಂಪಿನ ಕೆಲವು ವೈರಸ್ಸುಗಳಲ್ಲಿರುವ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಅದನ್ನು ಮಾರ್ಪಡಿಸಿದ ಮೇಲಷ್ಟೇ ಅದು ಔಷಧಿಯಾಗುತ್ತದೆ. ಚಿಕನ್‌ಪಾಕ್ಸ್ ವೈರಸ್ ಆ ಗುಂಪಿನದು, ಡಿಎನ್‌ಎ ವೈರಸ್. ದಡಾರದ್ದು ಆರ್‌ಎನ್‌ಎ ವೈರಸ್. ಅದರಲ್ಲಿ ಆ ಕಿಣ್ವವೂ ಇಲ್ಲ, ಎಸೈಕ್ಲೋವಿರ್ ತಡೆಯುವ ಡಿಎನ್‌ಎ ನಕಲು ಮಾಡುವ ಕೆಲಸವೂ ಇಲ್ಲ. ಎರಡೂ ಚರ್ಮದ ಮೇಲೆ ಕಾಣಿಸಿಕೊಂಡರೂ ಅವುಗಳ ಒಳವ್ಯವಹಾರ ಬೇರೆ.

ಫ್ಲೂ ಮತ್ತು ದಡಾರದ ನಡುವೆ ಇದಕ್ಕಿಂತ ಹೆಚ್ಚು ಸಾಮ್ಯವಿದೆ ಎಂಬುದು ನಿಜ. ಎರಡೂ ಆರ್‌ಎನ್‌ಎ ವೈರಸ್ಸುಗಳು, ಎರಡೂ ಉಸಿರಿನ ದಾರಿಯಲ್ಲಿ ಒಳಬರುತ್ತವೆ, ಎರಡೂ ಕೆಮ್ಮಿನಲ್ಲಿ ಹರಡುತ್ತವೆ. ಆದರೆ ಕುಟುಂಬ ಬೇರೆ. ಫ್ಲೂ ಆರ್ಥೋಮಿಕ್ಸೊವೈರಸ್ ಕುಟುಂಬದ್ದು. ಎ ಮತ್ತು ಬಿ ಬಗೆಗಳಲ್ಲಿ ಆರ್‌ಎನ್‌ಎ ಎಂಟು ತುಂಡುಗಳಾಗಿರುತ್ತದೆ, ನಕಲು ನಡೆಯುವುದು ನಮ್ಮ ಕೋಶಕೇಂದ್ರದ ಒಳಗೆ. ದಡಾರ ಪ್ಯಾರಾಮಿಕ್ಸೊವೈರಸ್ ಕುಟುಂಬದ್ದು. ಆರ್‌ಎನ್‌ಎ ಒಂದೇ ಎಳೆ, ನಕಲು ನಡೆಯುವುದು ಕೋಶಕೇಂದ್ರದ ಹೊರಗೆ. ಈ ವ್ಯತ್ಯಾಸಗಳೇ ಒಂದೊಂದು ಫ್ಲೂ ಔಷಧಿಯನ್ನೂ ದಡಾರದ ಮುಂದೆ ಕೈಕಟ್ಟಿ ನಿಲ್ಲಿಸುತ್ತವೆ.

ಒಸೆಲ್ಟಾಮಿವಿರ್: ಬಿಚ್ಚಬೇಕಾದ ಗಂಟೇ ಇಲ್ಲದ ಕಡೆ

ಟ್ಯಾಮಿಫ್ಲೂ ಎಂಬ ಬ್ರ್ಯಾಂಡ್ ಹೆಸರಿನಿಂದ ಪರಿಚಿತವಾದ ಒಸೆಲ್ಟಾಮಿವಿರ್ ಮತ್ತು ಉಸಿರಿನಲ್ಲಿ ಎಳೆದುಕೊಳ್ಳುವ ಝನಾಮಿವಿರ್ ಎರಡಕ್ಕೂ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ. ರಕ್ತನಾಳಕ್ಕೆ ಕೊಡುವ ಪೆರಾಮಿವಿರ್ ಆಮೇಲೆ ಬಂತು. ಇವುಗಳ ಗುರಿ ನ್ಯೂರಾಮಿನಿಡೇಸ್ ಎಂಬ ಕಿಣ್ವ. ಆಸ್ಟ್ರೇಲಿಯಾದ ಪೀಟರ್ ಕೋಲ್ಮನ್ ಮತ್ತು ಸಂಗಡಿಗರು 1983ರಲ್ಲಿ ಈ ಕಿಣ್ವದ ಆಕಾರವನ್ನು ಎಕ್ಸ್‌ರೇ ತಂತ್ರದಿಂದ ಬಿಡಿಸಿಟ್ಟರು. ಆ ಆಕಾರದಲ್ಲಿದ್ದ ಗುಳಿಯಲ್ಲಿ ಕೂರುವಂತೆ ಅಣುವನ್ನು ರೂಪಿಸಿದ್ದರಿಂದ ಝನಾಮಿವಿರ್ ಹುಟ್ಟಿತು. ಒಸೆಲ್ಟಾಮಿವಿರ್ ತಯಾರಿಕೆಗೆ ಬೇಕಾದ ಶಿಕಿಮಿಕ್ ಆಮ್ಲವನ್ನು ಬಹುಕಾಲ ತೆಗೆಯುತ್ತಿದ್ದುದು ನಾವು ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಿಂದ. ಹಾಗೆಂದು ಚಕ್ರಮೊಗ್ಗಿನ ಕಷಾಯ ಫ್ಲೂ ಔಷಧಿಯಾಗುವುದಿಲ್ಲ. ಕಾರ್ಖಾನೆಯಲ್ಲಿ ಹಲವು ಹಂತಗಳ ಬಳಿಕವೇ ಆ ಆಮ್ಲ ಔಷಧಿಯಾಗುವುದು.

ಫ್ಲೂ ವೈರಸ್ ನಮ್ಮ ಕೋಶವನ್ನು ಹಿಡಿದುಕೊಳ್ಳುವುದು ಕೋಶದ ಮೇಲಿರುವ ಸಯಾಲಿಕ್ ಆಮ್ಲ ಎಂಬ ಸಕ್ಕರೆಯಂಥ ಅಣುವಿನ ಮೂಲಕ. ಒಳಹೋಗಲು ಇದು ಅನುಕೂಲ, ಹೊರಬರುವಾಗ ಇದೇ ತೊಡಕು. ಕೋಶದೊಳಗೆ ತಯಾರಾದ ಹೊಸ ವೈರಸ್ಸುಗಳು ಹೊರಗೆ ಮೊಳೆತ ಕೂಡಲೇ ಅದೇ ಸಯಾಲಿಕ್ ಆಮ್ಲಕ್ಕೆ ಸಿಕ್ಕಿಕೊಂಡು, ಗೂಟಕ್ಕೆ ಕಟ್ಟಿದ ಕರುಗಳಂತೆ ಅಲ್ಲೇ ನಿಲ್ಲುತ್ತವೆ. ನ್ಯೂರಾಮಿನಿಡೇಸ್ ಆ ಹಗ್ಗ ಕಡಿದು ಅವುಗಳನ್ನು ಪಕ್ಕದ ಕೋಶಗಳಿಗೆ ಬಿಡುತ್ತದೆ. ಒಸೆಲ್ಟಾಮಿವಿರ್ ಹೋಗಿ ಕಿಣ್ವದ ಗುಳಿಯಲ್ಲಿ ಕೂತರೆ ಹಗ್ಗ ಕಡಿಯುವುದಿಲ್ಲ, ಸೋಂಕು ಹರಡುವುದು ನಿಧಾನವಾಗುತ್ತದೆ.

ದಡಾರದ ವೈರಸ್ಸನ್ನು ಆ ಗೂಟಕ್ಕೆ ಕಟ್ಟಿಯೇ ಇಲ್ಲ. ಅದು ಸಯಾಲಿಕ್ ಆಮ್ಲವನ್ನು ಹಿಡಿಯುವುದಿಲ್ಲ. ರೋಗನಿರೋಧಕ ಕೋಶಗಳ ಮೇಲಿರುವ ಸ್ಲ್ಯಾಮ್ ಎಂಬ ಪ್ರೋಟೀನನ್ನೂ, ಉಸಿರಿನ ಹಾದಿಯ ಒಳಪದರದ ಕೋಶಗಳಲ್ಲಿರುವ ನೆಕ್ಟಿನ್-4 ಎಂಬುದನ್ನೂ ಹಿಡಿದು ಒಳನುಗ್ಗುತ್ತದೆ. ಮೊದಲನೆಯದು ಪತ್ತೆಯಾದದ್ದು 2000ರಲ್ಲಿ, ಎರಡನೆಯದು 2011ರಲ್ಲಿ. ದಡಾರದ ವೈರಸ್ಸಿನಲ್ಲಿ ನ್ಯೂರಾಮಿನಿಡೇಸ್ ಕಿಣ್ವವೂ ಇಲ್ಲ. ಹಾಗಿರುವಾಗ ಒಸೆಲ್ಟಾಮಿವಿರ್ ಎಷ್ಟು ನುಂಗಿದರೂ ತಡೆಯುವುದಕ್ಕೆ ಏನೂ ಸಿಗುವುದಿಲ್ಲ. ಅಷ್ಟೇ ಅಲ್ಲ, ದಡಾರದ ವೈರಸ್ ಸೋಂಕು ತಗುಲಿದ ಕೋಶವನ್ನು ನೆರೆಯ ಕೋಶದೊಂದಿಗೆ ಬೆಸೆಯಬಲ್ಲದು. ಹೊರಬಾರದೆಯೇ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವ ದಾರಿ ಅದಕ್ಕಿದೆ.

ದಡಾರದ ಕುಟುಂಬದಲ್ಲೇ ಇರುವ ಮಂಗನಬಾವಿನ ವೈರಸ್ಸಿಗೆ ಸಯಾಲಿಕ್ ಆಮ್ಲ ಕಡಿಯುವ ಸಾಮರ್ಥ್ಯ ಉಂಟು. ಆದರೂ ಮಂಗನಬಾವಿಗೆ ಒಸೆಲ್ಟಾಮಿವಿರ್ ಕೊಡುವ ಪದ್ಧತಿ ಇಲ್ಲ. ಆ ಅಣುವನ್ನು ರೂಪಿಸಿದ್ದು ಫ್ಲೂ ಕಿಣ್ವದ ಗುಳಿಗೆ ಹೊಂದುವಂತೆ. ಒಂದೇ ಕೆಲಸ ಮಾಡುವ ಕಿಣ್ವವಿದ್ದ ಕಡೆಯೂ ಬಳಸದ ಔಷಧಿಗೆ ಆ ಕಿಣ್ವವೇ ಇಲ್ಲದ ದಡಾರದಲ್ಲಿ ಎಲ್ಲಿಯ ಕೆಲಸ?

ಅಮಾಂಟಡೀನ್ ಮತ್ತು ಬಾಲೊಕ್ಸಾವಿರ್

ಅಮಾಂಟಡೀನ್ ಹಳೆಯ ಔಷಧಿ. ಅಮೆರಿಕದಲ್ಲಿ 1966ರಲ್ಲೇ ಫ್ಲೂಗೆ ಅನುಮತಿ ಪಡೆದದ್ದು. ಫ್ಲೂ ವೈರಸ್ ಕೋಶದೊಳಗೆ ಒಂದು ಆಮ್ಲೀಯ ಚೀಲದಲ್ಲಿ ಸಿಕ್ಕಿಕೊಂಡಿರುತ್ತದೆ. ಎಂ2 ಎಂಬ ಸಣ್ಣ ಕಾಲುವೆಯ ಮೂಲಕ ಆ ಆಮ್ಲವನ್ನು ಒಳಗೆಳೆದುಕೊಂಡು ತನ್ನ ಕವಚ ಬಿಚ್ಚುತ್ತದೆ. ಅಮಾಂಟಡೀನ್ ಈ ಕಾಲುವೆಯನ್ನು ಮುಚ್ಚುತ್ತದೆ. ಫ್ಲೂ ಎ ಬಗೆಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತಿತ್ತು, ಬಿ ಬಗೆಗೆ ಆಗುತ್ತಿರಲಿಲ್ಲ. ಈಗ ಎ ಬಗೆಯ ವೈರಸ್ಸುಗಳೂ ಅದಕ್ಕೆ ಪ್ರತಿರೋಧ ಬೆಳೆಸಿಕೊಂಡಿರುವುದರಿಂದ ಫ್ಲೂಗೆ ಅದನ್ನು ಬಹುತೇಕ ಕೈಬಿಡಲಾಗಿದೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ಇಂದಿಗೂ ಅದನ್ನು ಕೊಡುತ್ತಾರೆ. ದಡಾರದ ವೈರಸ್ಸಿಗೆ ಎಂ2 ಕಾಲುವೆ ಇಲ್ಲ; ಕೋಶದ ಹೊರಪೊರೆಯಲ್ಲೇ ಬೆಸೆದುಕೊಂಡು ಒಳಗೆ ಇಳಿಯುವ ಅದಕ್ಕೆ ಆಮ್ಲದ ಹಂಗೂ ಇಲ್ಲ.

2018ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಬಳಕೆಗೆ ಬಂದ ಬಾಲೊಕ್ಸಾವಿರ್‌ನ ತಂತ್ರ ಇನ್ನೂ ಸೂಕ್ಷ್ಮ. ನಮ್ಮ ಕೋಶ ಪ್ರೋಟೀನ್ ತಯಾರಿಸಬೇಕಾದರೆ ಸಂದೇಶವಾಹಕ ಆರ್‌ಎನ್‌ಎಯ ತುದಿಗೆ ಒಂದು ರಾಸಾಯನಿಕ ಟೊಪ್ಪಿ ಇರಬೇಕು. ಫ್ಲೂ ವೈರಸ್ಸಿಗೆ ಈ ಟೊಪ್ಪಿ ತಯಾರಿಸಲು ಬರುವುದಿಲ್ಲ. ಅದು ನಮ್ಮ ಆರ್‌ಎನ್‌ಎಗಳ ತುದಿಯನ್ನೇ ಕತ್ತರಿಸಿ ಕದ್ದು ತನ್ನದಕ್ಕೆ ಅಂಟಿಸಿಕೊಳ್ಳುತ್ತದೆ. ಬಾಲೊಕ್ಸಾವಿರ್ ಆ ಕತ್ತರಿಸುವ ಕಿಣ್ವವನ್ನು ತಡೆಯುತ್ತದೆ. ದಡಾರದ ವೈರಸ್ ಕಳ್ಳತನಕ್ಕೇ ಹೋಗುವುದಿಲ್ಲ. ಅದರ ಎಲ್ ಎಂಬ ದೊಡ್ಡ ಪ್ರೋಟೀನ್ ತನ್ನ ಟೊಪ್ಪಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೀಗಾಗಿ ಈ ಹೊಸ ಔಷಧಿಗೂ ಅಲ್ಲಿ ಕೆಲಸವಿಲ್ಲ.

ಫವಿಪಿರಾವಿರ್ ಎಂಬ ಅಪವಾದ

ಉಳಿದದ್ದು ಫವಿಪಿರಾವಿರ್. ಕೋವಿಡ್ ಹಾವಳಿಯ 2020ರ ಜೂನ್‌ನಲ್ಲಿ ಭಾರತದಲ್ಲಿ ಅನುಮತಿ ಪಡೆದು ಮನೆಮಾತಾದ ಇದು ಮೂಲತಃ ಜಪಾನಿನಲ್ಲಿ ಫ್ಲೂಗೆಂದು ತಯಾರಾದದ್ದು. ಅಲ್ಲಿಯೂ 2014ರಲ್ಲಿ ಅನುಮತಿ ಸಿಕ್ಕಿದ್ದು ಪ್ರತಿವರ್ಷದ ಮಾಮೂಲಿ ಫ್ಲೂಗಲ್ಲ. ಬೇರೆ ಔಷಧಿಗಳಿಗೆ ಬಗ್ಗದ ಹೊಸ ಬಗೆಯ ಫ್ಲೂ ಹರಡಿದರೆ ಸರ್ಕಾರದ ತೀರ್ಮಾನದಂತೆ ಬಳಸಲು.

ಇದರ ಗುರಿ ಆರ್‌ಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವ. ಆರ್‌ಎನ್‌ಎ ಅಕ್ಷರದಂತೆ ವೇಷ ಹಾಕಿಕೊಂಡು ನಕಲಿನೊಳಗೆ ಸೇರಿ, ತಪ್ಪುಗಳನ್ನು ಹೆಚ್ಚಿಸಿ ವೈರಸ್ಸನ್ನು ಕೆಡಿಸುತ್ತದೆ. ಇಂಥ ಕಿಣ್ವ ದಡಾರದ ವೈರಸ್ಸಿಗೂ ಬೇಕು. ಆದ್ದರಿಂದ ತತ್ವದ ಮಟ್ಟದಲ್ಲಿ ಈ ಔಷಧಿ ಅಲ್ಲಿಯೂ ಕೆಲಸ ಮಾಡಬಹುದು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಅದು ದಡಾರದ ವೈರಸ್ಸಿನ ಬೆಳವಣಿಗೆಯನ್ನು ತಗ್ಗಿಸಿದೆ ಎಂದು ಜಪಾನಿನ ಸಂಶೋಧಕರು ವರದಿ ಮಾಡಿದ್ದಾರೆ.

ಗಾಜಿನ ತಟ್ಟೆಯಲ್ಲಿರುವ ಕೋಶಗಳಿಂದ ಮಗುವಿನ ಮೈಗೆ ಬಹಳ ದೂರ. ತಟ್ಟೆಯಲ್ಲಿ ಎಷ್ಟು ಬೇಕಾದರೂ ಔಷಧಿ ಸುರಿಯಬಹುದು. ಮೈಯಲ್ಲಿ ಅಷ್ಟು ಸಾಂದ್ರತೆ ತರುವ ಪ್ರಮಾಣ ಅಪಾಯಕಾರಿಯಾಗಬಹುದು. ಪ್ರಾಣಿಗಳ ಪರೀಕ್ಷೆಯಲ್ಲಿ ಭ್ರೂಣಕ್ಕೆ ಹಾನಿ ಕಂಡುಬಂದಿರುವುದರಿಂದ ಗರ್ಭಿಣಿಯರಿಗೆ ಇದನ್ನು ಕೊಡುವಂತಿಲ್ಲ. ರಕ್ತದ ಯೂರಿಕ್ ಆಮ್ಲವನ್ನೂ ಇದು ಏರಿಸುತ್ತದೆ. ದಡಾರ ಬಂದ ಮಕ್ಕಳಿಗೆ ಕೊಟ್ಟು, ಕೊಡದವರೊಂದಿಗೆ ಹೋಲಿಸಿ ಗುಣ ತೋರಿಸಿಕೊಟ್ಟ ಪ್ರಯೋಗವಿಲ್ಲದೆ ಇದನ್ನು ದಡಾರದ ಮದ್ದು ಎನ್ನಲು ಬರುವುದಿಲ್ಲ.

1970ರ ದಶಕದಿಂದ ಪರಿಚಿತವಾಗಿರುವ ರಿಬಾವಿರಿನ್ ಕಥೆಯೂ ಇಂಥದ್ದೇ. ಅದು ಫ್ಲೂ ಮಾತ್ರೆಯಲ್ಲ, ಹಲವು ಆರ್‌ಎನ್‌ಎ ವೈರಸ್ಸುಗಳ ಮೇಲೆ ಪ್ರಯತ್ನಿಸಿರುವ ಔಷಧಿ. ಕೋಶಗಳಲ್ಲಿ ದಡಾರದ ವೈರಸ್ಸನ್ನು ತಡೆಯುತ್ತದೆ. ರೋಗನಿರೋಧಕ ಶಕ್ತಿ ತೀರ ಕುಂದಿದವರಲ್ಲಿ ದಡಾರ ಜೀವಕ್ಕೆ ಎರವಾದಾಗ ತಜ್ಞರು ಆಸ್ಪತ್ರೆಯಲ್ಲಿ ಇದನ್ನು ಕೊಟ್ಟು ನೋಡಿದ್ದುಂಟು. ಆದರೆ ದಡಾರಕ್ಕೆಂದು ಇದಕ್ಕೂ ಅನುಮತಿಯಿಲ್ಲ.

ದದ್ದು ಏಳುವ ಹೊತ್ತಿಗೆ ಕಾಲ ಮೀರಿರುತ್ತದೆ

ಸರಿಯಾದ ಔಷಧಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಅಡ್ಡಿ ಉಳಿಯುತ್ತದೆ: ಸಮಯ. ಫ್ಲೂನಲ್ಲೇ ಒಸೆಲ್ಟಾಮಿವಿರ್ ಲಕ್ಷಣ ಶುರುವಾಗಿ 48 ಗಂಟೆಯೊಳಗೆ ಕೊಟ್ಟಾಗ ಹೆಚ್ಚು ಉಪಯೋಗ. ಆರೋಗ್ಯವಂತರಲ್ಲಿ ಅದು ಕಾಯಿಲೆಯನ್ನು ಕಡಿಮೆ ಮಾಡುವುದು ಸುಮಾರು ಒಂದು ದಿನದಷ್ಟು. ವೈರಸ್ ಹೆಚ್ಚಾಗುತ್ತಿರುವಾಗ ತಡೆದರೆ ಫಲ, ಹೆಚ್ಚಾಗಿ ಮುಗಿದ ಮೇಲೆ ತಡೆದು ಪ್ರಯೋಜನವಿಲ್ಲ.

ದಡಾರದಲ್ಲಿ ಈ ಕಾಲಾವಕಾಶ ಕಣ್ಣಿಗೆ ಕಾಣದಂತೆ ಜಾರಿಹೋಗುತ್ತದೆ. ವೈರಸ್ ಒಳಹೊಕ್ಕ ಮೇಲೆ ಜ್ವರ ಬರಲು ಸುಮಾರು 10 ದಿನ, ದದ್ದು ಏಳಲು ಸುಮಾರು 14 ದಿನ ಬೇಕು. ಏನೂ ತೋರದ ಆ ದಿನಗಳಲ್ಲಿ ವೈರಸ್ ಶ್ವಾಸಕೋಶದ ರೋಗನಿರೋಧಕ ಕೋಶಗಳನ್ನು ಹಿಡಿದು, ಅವುಗಳ ಜೊತೆಯಲ್ಲೇ ದುಗ್ಧಗ್ರಂಥಿಗಳಿಗೆ ಹೋಗಿ, ಅಲ್ಲಿ ವೃದ್ಧಿಯಾಗಿ, ರಕ್ತದಲ್ಲಿ ಮೈಯೆಲ್ಲ ಸುತ್ತಿರುತ್ತದೆ. ಕೊನೆಗೆ ಉಸಿರಿನ ಹಾದಿಯ ಒಳಪದರಕ್ಕೆ ಬಂದು ಕೆಮ್ಮಿನಲ್ಲಿ ಹೊರಬೀಳುತ್ತದೆ. ದದ್ದು ಏಳುವುದು ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ಚರ್ಮದಲ್ಲಿ ಸೋಂಕು ತಗುಲಿದ ಕೋಶಗಳ ಮೇಲೆ ಎರಗಿದಾಗ. ಅಂದರೆ ನಾವು ಕಾಯಿಲೆಯ ಆರಂಭ ಎಂದುಕೊಳ್ಳುವ ದದ್ದು, ದೇಹದ ಹೋರಾಟ ಜೋರಾಗಿರುವುದರ ಗುರುತು. ಟಿ-ಕೋಶಗಳು ದುರ್ಬಲವಾದವರಲ್ಲಿ ದದ್ದೇ ಏಳದೆ ದಡಾರ ಉಲ್ಬಣಿಸುವುದುಂಟು. ದದ್ದು ಎದ್ದ ಹಂತದಲ್ಲಿ ವೈರಸ್ ತಡೆಯುವ ಮಾತ್ರೆ ಕೊಟ್ಟರೂ ಅದಕ್ಕೆ ಮಾಡಲು ಉಳಿದಿರುವ ಕೆಲಸ ಕಡಿಮೆ.

ಈ ಕಾರಣಕ್ಕೇ ದಡಾರದ ಔಷಧಿ ಹುಡುಕುವವರ ದೃಷ್ಟಿ ದದ್ದು ಎದ್ದ ಮಗುವಿಗಿಂತ ಅದರ ಜೊತೆಗಿದ್ದವರ ಮೇಲೆ ಹೆಚ್ಚು. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಪ್ಲೆಂಪರ್ ಮತ್ತು ಸಂಗಡಿಗರು ದಡಾರದ ಪಾಲಿಮರೇಸ್‌ಗೇ ಹೊಂದುವ ಇಆರ್‌ಡಿಆರ್‌ಪಿ-0519 ಎಂಬ, ಬಾಯಲ್ಲಿ ಕೊಡಬಹುದಾದ ಅಣುವನ್ನು 2014ರಲ್ಲಿ ವರದಿ ಮಾಡಿದರು. ದಡಾರಕ್ಕೆ ಹತ್ತಿರದ ಬಂಧುವಾದ ನಾಯಿಗಳ ಡಿಸ್ಟೆಂಪರ್ ವೈರಸ್ಸನ್ನು ಫೆರೆಟ್ ಎಂಬ ಪ್ರಾಣಿಗಳಿಗೆ ತಗುಲಿಸಿ, ಮೂರನೆಯ ದಿನದಿಂದ ಈ ಔಷಧಿ ಕೊಟ್ಟಾಗ ಅವು ಬದುಕಿ ಉಳಿದವು, ರೋಗನಿರೋಧಕ ಶಕ್ತಿಯನ್ನೂ ಪಡೆದವು. ಮೂರನೆಯ ದಿನವೆಂದರೆ ಲಕ್ಷಣ ಕಾಣುವ ಮುಂಚೆ. ಈ ಅಣು ಇನ್ನೂ ಮನುಷ್ಯರ ಔಷಧಿಯಾಗಿಲ್ಲ. ಆದರೆ ದಡಾರಕ್ಕೆ ಔಷಧಿ ಬರುವುದಾದರೆ ಅದರ ಭಾಗಕ್ಕೇ ಹೊಂದಿಸಿ ಮಾಡಿದ್ದಾಗಿರಬೇಕು, ಬೇಗ ಕೊಡುವಂಥದ್ದಾಗಿರಬೇಕು ಎಂಬುದನ್ನು ಅದು ತೋರಿಸಿತು.

ಹಾಗಾದರೆ ಚಿಕಿತ್ಸೆ ಏನು?

ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ ಎಂದರೆ ಚಿಕಿತ್ಸೆಯೇ ಇಲ್ಲ ಎಂದಲ್ಲ. ದಡಾರದಲ್ಲಿ ಮಕ್ಕಳು ಸಾಯುವುದು ಹೆಚ್ಚಾಗಿ ನ್ಯುಮೋನಿಯಾ, ಭೇದಿಯಂಥ ತೊಡಕುಗಳಿಂದ. ಸುಮಾರು 20 ಮಕ್ಕಳಲ್ಲಿ ಒಬ್ಬರಿಗೆ ನ್ಯುಮೋನಿಯಾ ಬರುತ್ತದೆ, ಸಾವಿರದಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತ. ಇವುಗಳನ್ನು ತಡೆಯುವುದು, ಬಂದರೆ ಬೇಗ ಗುರುತಿಸುವುದು ಚಿಕಿತ್ಸೆಯ ತಿರುಳು.

ಮೊದಲನೆಯದು ವಿಟಮಿನ್ ಎ. ಇದು ವೈರಸ್ಸನ್ನು ಕೊಲ್ಲುವುದಿಲ್ಲ. ದಡಾರ ದೇಹದ ವಿಟಮಿನ್ ಎ ದಾಸ್ತಾನನ್ನು ಬರಿದು ಮಾಡುತ್ತದೆ. ಅದರಿಂದ ಕಣ್ಣಿಗೆ, ಉಸಿರಿನ ಹಾದಿಗೆ, ಕರುಳಿನ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ಲಂಡನ್ನಿನ ವೈದ್ಯ ಎಲಿಸನ್ 1932ರಷ್ಟು ಹಿಂದೆಯೇ ದಡಾರದ ಮಕ್ಕಳಿಗೆ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟು ಸಾವು ತಗ್ಗಿದ್ದನ್ನು ಕಂಡಿದ್ದರು. 1990ರಲ್ಲಿ ಪ್ರಕಟವಾದ ಕೇಪ್‌ಟೌನ್‌ನ ಪ್ರಯೋಗದಲ್ಲಿ ತೀವ್ರ ದಡಾರದ 189 ಮಕ್ಕಳಲ್ಲಿ 12 ಮಂದಿ ಸತ್ತರು. ಅವರಲ್ಲಿ 10 ಮಂದಿ ವಿಟಮಿನ್ ಎ ಸಿಗದ ಗುಂಪಿನವರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣ ಹೀಗಿದೆ: ಆರು ತಿಂಗಳೊಳಗಿನ ಕೂಸಿಗೆ 50 ಸಾವಿರ ಯೂನಿಟ್, 6ರಿಂದ 11 ತಿಂಗಳವರಿಗೆ ಒಂದು ಲಕ್ಷ, ಒಂದು ವರ್ಷ ದಾಟಿದವರಿಗೆ ಎರಡು ಲಕ್ಷ, ದಿನಕ್ಕೊಂದರಂತೆ ಎರಡು ದಿನ. ಕಣ್ಣಿನಲ್ಲಿ ಕೊರತೆಯ ಲಕ್ಷಣವಿದ್ದರೆ ನಾಲ್ಕರಿಂದ ಆರು ವಾರದ ನಂತರ ಮೂರನೆಯ ಡೋಸ್. ಇದನ್ನು ಕೊಡಬೇಕಾದವರು ಆರೋಗ್ಯ ಸಿಬ್ಬಂದಿ. ಅಂಗನವಾಡಿಯಲ್ಲಿ ಮಗುವಿಗೆ ವಿಟಮಿನ್ ಎ ದ್ರಾವಣ ಕೊನೆಯದಾಗಿ ಹಾಕಿಸಿದ್ದು ಯಾವಾಗ ಎಂಬುದನ್ನು ಮಗುವಿನ ಲಸಿಕೆಯ ದಾಖಲೆಯಿರುವ ‘ತಾಯಿ ಕಾರ್ಡ್’ ನೋಡಿ ಅವರಿಗೆ ತಿಳಿಸಬೇಕು.

ವಿಟಮಿನ್ ಎ ಒಳ್ಳೆಯದು ಎಂದು ಮನೆಯಲ್ಲೇ ದಿನದಿನ ಕೊಟ್ಟರೆ ಅದು ಯಕೃತ್ತಿನಲ್ಲಿ ಶೇಖರವಾಗಿ ವಿಷವಾಗುತ್ತದೆ. 2025ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹೀಗೇ ಆಯಿತು. ಅಲ್ಲಿ ಜನವರಿಯಿಂದ ಆಗಸ್ಟ್‌ವರೆಗೆ 762 ಜನರಿಗೆ ದಡಾರ ತಗುಲಿ ಇಬ್ಬರು ಮಕ್ಕಳು ಸತ್ತರು. ಲಸಿಕೆಯ ಬದಲಿಗೆ ವಿಟಮಿನ್ ಎ, ಕಾಡ್ ಎಣ್ಣೆ, ಬುಡೆಸೊನೈಡ್ ಎಂಬ ಸ್ಟೀರಾಯ್ಡ್, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಬಗ್ಗೆ ದೊಡ್ಡ ಸ್ಥಾನದಲ್ಲಿದ್ದವರೂ ಮಾತನಾಡಿದರು. ಲಬ್ಬಕ್ ನಗರದಲ್ಲಿ ಆಸ್ಪತ್ರೆ ಸೇರಿದ ಕೆಲವು ದಡಾರದ ಮಕ್ಕಳಲ್ಲಿ ಅತಿಯಾದ ವಿಟಮಿನ್ ಎ ಸೇವನೆಯಿಂದ ಯಕೃತ್ತಿನ ತೊಂದರೆ ಕಂಡಿತು.

ಎರಡನೆಯದು ನೀರು ಮತ್ತು ಆಹಾರ. ಭೇದಿಯಿದ್ದರೆ ಒಆರ್‌ಎಸ್. ಎದೆಹಾಲು ನಿಲ್ಲಿಸಬಾರದು. ‘ಅಮ್ಮ ಬಂದಾಗ’ ಒಗ್ಗರಣೆ ಬೇಡ, ಹಾಲು ಬೇಡ ಎನ್ನುತ್ತಾ ಪಥ್ಯದ ಹೆಸರಿನಲ್ಲಿ ಮಗುವನ್ನು ಉಪವಾಸ ಕೆಡವಿದರೆ ಅಪಾಯ ಹೆಚ್ಚುತ್ತದೆ. ಗಂಜಿ, ಬೇಳೆಕಟ್ಟು, ಮೆತ್ತಗೆ ಕಿವುಚಿದ ಅನ್ನ, ಬಾಳೆಹಣ್ಣು, ಮೊಟ್ಟೆ — ಮಗು ತಿನ್ನುವುದನ್ನು ಸ್ವಲ್ಪಸ್ವಲ್ಪವಾಗಿ ಪದೇಪದೇ ಕೊಡಬೇಕು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ತೊಂದರೆಯಿಲ್ಲ. ಅದನ್ನು ಕಂಡು ನೆರೆಯವರು ಮಕ್ಕಳನ್ನು ದೂರವಿಟ್ಟರೆ ಒಳ್ಳೆಯದೇ. ಆದರೆ ಅಮ್ಮನಿಗೆ ಮುನಿಸು ಬರುತ್ತದೆ ಎಂದು ಆಸ್ಪತ್ರೆಗೆ ಹೋಗದಿರುವುದು ಸಲ್ಲದು.

ಮೂರನೆಯದು ಜ್ವರ. ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಕೊಡಬಾರದು, ವೈರಸ್ ಜ್ವರವಿರುವ ಮಕ್ಕಳಲ್ಲಿ ಅದು ರೇ ಸಿಂಡ್ರೋಮ್ ಎಂಬ, ಮಿದುಳು ಮತ್ತು ಯಕೃತ್ತನ್ನು ಕೆಡಿಸುವ ಸ್ಥಿತಿಗೆ ಕಾರಣವಾಗಬಹುದು. ಆಂಟಿಬಯಾಟಿಕ್ ಬೇಕಾಗುವುದು ನ್ಯುಮೋನಿಯಾ ಅಥವಾ ಕಿವಿ ಸೋಂಕಿನಂಥ ಬ್ಯಾಕ್ಟೀರಿಯಾ ತೊಡಕು ಬಂದಾಗ, ವೈದ್ಯರು ಹೇಳಿದಾಗ.

ಈ ಲಕ್ಷಣಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು: ಉಸಿರಾಟ ವೇಗವಾಗುವುದು, ಪಕ್ಕೆ ಒಳಸೆಳೆಯುವುದು, ಕುಡಿಯಲು ಅಥವಾ ಹಾಲು ಚೀಪಲು ಆಗದಿರುವುದು, ಕೊಟ್ಟದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕಣ್ಣಿನ ಕರಿಗುಡ್ಡೆ ಮಸುಕಾಗುವುದು, ದದ್ದು ಇಳಿಯುತ್ತಿದ್ದರೂ ಜ್ವರ ಇಳಿಯದಿರುವುದು ಅಥವಾ ಮತ್ತೆ ಬರುವುದು.

ಫ್ಲೂ ಮಾತ್ರೆ ಕೊಡಬೇಕಾಗಿ ಬರುವ ಸಂದರ್ಭ

ಒಂದೇ ಮಗುವಿಗೆ ಎರಡೂ ಸೋಂಕು ತಗುಲುವುದು ಅಸಾಧ್ಯವಲ್ಲ. ಪರೀಕ್ಷೆಯಲ್ಲಿ ಫ್ಲೂ ಖಚಿತವಾದರೆ, ದಡಾರ ಇದ್ದರೂ ವೈದ್ಯರು ಒಸೆಲ್ಟಾಮಿವಿರ್ ಬರೆಯಬಹುದು. ಅದು ಫ್ಲೂಗೆ ಬರೆದ ಚೀಟಿ.

ಇನ್ನೊಂದು ಸಂದರ್ಭ ಹೆಚ್ಚು ಗೊಂದಲ ತರುವಂಥದ್ದು. ದದ್ದು ಏಳುವ ಮೊದಲು ದಡಾರ ಫ್ಲೂನಂತೆಯೇ ಕಾಣುವುದರಿಂದ ವೈದ್ಯರು ಫ್ಲೂ ಶಂಕೆಯಲ್ಲಿ ಒಸೆಲ್ಟಾಮಿವಿರ್ ಶುರುಮಾಡಿರಬಹುದು. ಎರಡು ದಿನದ ಮೇಲೆ ಮೈತುಂಬ ದದ್ದು ಎದ್ದಾಗ, ಔಷಧಿ ಒಗ್ಗಲಿಲ್ಲ, ಅಲರ್ಜಿಯಾಯಿತು ಎಂದು ಮನೆಯವರು ಅದನ್ನು ನಿಲ್ಲಿಸಿ ಅಲರ್ಜಿ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಮಗು ಶಾಲೆಗೂ ಹೋಗಿ ಬಂದಿರುತ್ತದೆ. ಜ್ವರ, ಕೆಮ್ಮು, ಕೆಂಪು ಕಣ್ಣಿನ ಜೊತೆ ದದ್ದು ಬಂದರೆ, ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳು ಕಂಡಿದ್ದರೆ, ದಡಾರದ ಪರೀಕ್ಷೆ ಆಗಬೇಕು. ರಕ್ತದಲ್ಲಿ ಐಜಿಎಂ ಪ್ರತಿಕಾಯ, ಗಂಟಲ ದ್ರವದಲ್ಲಿ ಪಿಸಿಆರ್ ನೋಡುತ್ತಾರೆ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಿದರೆ ಊರಿನ ಉಳಿದ ಮಕ್ಕಳನ್ನು ಕಾಪಾಡಲು ದಾರಿಯಾಗುತ್ತದೆ. ಆಸ್ಪತ್ರೆಗೆ ಹೋಗುವ ಮುಂಚೆ ಫೋನ್ ಮಾಡಿ ಹೇಳುವುದು ಒಳ್ಳೆಯದು. ದಡಾರದ ವೈರಸ್ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ಹೊರರೋಗಿಗಳ ಸಾಲಿನಲ್ಲಿ ಕೂತರೆ ಅಲ್ಲಿದ್ದ ಕೂಸುಗಳಿಗೆಲ್ಲ ತಗುಲೀತು. ದದ್ದು ಎದ್ದ ಮೇಲೆ ನಾಲ್ಕು ದಿನ ಮಗುವನ್ನು ಬೇರೆಯವರಿಂದ ದೂರ ಇಡಬೇಕು.

ತಡೆಯುವ ಅವಕಾಶ ಎಲ್ಲಿದೆ?

ದಡಾರದ ಮಗುವಿನ ಜೊತೆ ಆಡಿದ, ಅದೇ ಕೋಣೆಯಲ್ಲಿದ್ದ, ಲಸಿಕೆ ಹಾಕಿಸಿಕೊಳ್ಳದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಸೋಂಕು ತಗುಲುತ್ತದೆ. ಆದರೆ ಅವರಿಗೆ ಒಂದು ಅವಕಾಶವಿದೆ. ಸಂಪರ್ಕವಾಗಿ 72 ಗಂಟೆಯೊಳಗೆ ದಡಾರದ ಲಸಿಕೆ ಕೊಟ್ಟರೆ ಕಾಯಿಲೆ ಬಾರದಿರಬಹುದು, ಬಂದರೂ ಸೌಮ್ಯವಾಗಬಹುದು. ವೈರಸ್ ವೃದ್ಧಿಯಾಗಲು ತೆಗೆದುಕೊಳ್ಳುವ ದಿನಗಳಲ್ಲೇ ಲಸಿಕೆ ದೇಹವನ್ನು ಸಜ್ಜುಗೊಳಿಸುತ್ತದೆ. ಎಳೆಗೂಸುಗಳು, ಲಸಿಕೆ ಪಡೆಯದ ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಆರು ದಿನದೊಳಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಕೊಡಲು ಬರುತ್ತದೆ. ಜೀವಂತ ವೈರಸ್ಸಿನ ಲಸಿಕೆಯನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ.

ಉಳಿದವರೆಲ್ಲರಿಗೆ ಮುಂಚಿತವಾದ ಎರಡು ಡೋಸ್‌ಗಳೇ ಗಟ್ಟಿ ದಾರಿ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಬಲಗೈಯ ಮೇಲ್ತೋಳಿಗೆ, ಪುಕ್ಕಟೆಯಾಗಿ. 9 ತಿಂಗಳಲ್ಲಿ ಕೊಟ್ಟ ಮೊದಲ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಕೊಡುತ್ತದೆ, ಏಕೆಂದರೆ ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವರಲ್ಲಿ ಇನ್ನೂ ಉಳಿದು ಲಸಿಕೆಗೆ ಅಡ್ಡ ಬರುತ್ತವೆ. ಉಳಿದ ಮಕ್ಕಳನ್ನು ಹಿಡಿಯುವುದು ಎರಡನೆಯ ಡೋಸ್. ಒಂದಾಯಿತಲ್ಲ ಎಂದು ಅದನ್ನು ಬಿಡುವುದು ದಡಾರಕ್ಕೆ ಬಾಗಿಲು ತೆರೆದಿಟ್ಟಂತೆ.

ದೇಶದ ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರುವರಿಯಲ್ಲಿ ಶುರುವಾದದ್ದು ಬೆಂಗಳೂರಿನಿಂದ. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪದ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಹೆಚ್ಚುವರಿ ಡೋಸ್ ಹಾಕಲಾಯಿತು. ಆಗಲೂ ವಾಟ್ಸ್ಆ್ಯಪ್ ವದಂತಿಗಳಿಗೆ ಹೆದರಿ ಹಿಂದೇಟು ಹಾಕಿದ ಪೋಷಕರಿದ್ದರು. ಲಸಿಕೆ ತಪ್ಪಿದ ಮಕ್ಕಳು ಒಂದೆಡೆ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು 2022ರ ಕೊನೆಯಲ್ಲಿ ಮುಂಬಯಿಯ ದಡಾರದ ಹಾವಳಿ ತೋರಿಸಿತು.

ದಡಾರ ಬಂದು ಹೋದರೆ ಮುಗಿಯಿತು ಎಂಬ ನಂಬಿಕೆಯೂ ಸಡಿಲವಾಗಿದೆ. ಲಸಿಕೆ ಪಡೆಯದ ನೆದರ್ಲೆಂಡ್ಸ್ ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆ ಮತ್ತು ನಂತರ ಪರೀಕ್ಷಿಸಿದ 2019ರ ಅಧ್ಯಯನದಲ್ಲಿ, ಬೇರೆ ಕಾಯಿಲೆಗಳ ವಿರುದ್ಧ ಅವರು ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಅಪರೂಪಕ್ಕೆ, ಸಾಮಾನ್ಯವಾಗಿ 7ರಿಂದ 10 ವರ್ಷದ ಬಳಿಕ, ಮಿದುಳಿನಲ್ಲಿ ಅಡಗಿ ಕುಳಿತ ವೈರಸ್ ಎಸ್‌ಎಸ್‌ಪಿಇ ಎಂಬ ಕಾಯಿಲೆಯಾಗಿ ತಲೆಯೆತ್ತುತ್ತದೆ. ಓದಿನಲ್ಲಿ ಹಿಂದೆ ಬೀಳುವುದು, ಮೈ ಜರ್ಕ್ ಹೊಡೆಯುವುದರಿಂದ ಆರಂಭವಾಗಿ ಅದು ಸಾವಿನತ್ತ ಒಯ್ಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದರ ಬಗ್ಗೆ ಅಧ್ಯಯನಗಳನ್ನು ಪ್ರಕಟಿಸುತ್ತ ಬಂದಿದ್ದಾರೆ. ಹಲವು ಔಷಧಿಗಳನ್ನು ಪ್ರಯತ್ನಿಸಿದರೂ ಇದನ್ನು ವಾಸಿಮಾಡುವ ಔಷಧಿ ಸಿಕ್ಕಿಲ್ಲ.

ಫ್ಲೂ ಔಷಧಿಗಳು ಕೆಟ್ಟವೆಂದಲ್ಲ. ಫ್ಲೂನಲ್ಲಿ, ಸರಿಯಾದ ಹೊತ್ತಿನಲ್ಲಿ, ಚೀಟಿಯ ಪ್ರಕಾರ ಕೊಟ್ಟರೆ ಅವು ಉಪಯುಕ್ತ. ದಡಾರಕ್ಕೆ ಅವನ್ನು ಕೊಡುವುದರಿಂದ ಆಗುವ ದೊಡ್ಡ ನಷ್ಟ ವಾಂತಿಯೋ ಹೊಟ್ಟೆನೋವೋ ಅಲ್ಲ, ಔಷಧಿ ನಡೆಯುತ್ತಿದೆ ಎಂಬ ನೆಮ್ಮದಿಯಲ್ಲಿ ವಿಟಮಿನ್ ಎಗೂ, ಆಸ್ಪತ್ರೆಗೂ, ಜೊತೆಗಿದ್ದ ಮಕ್ಕಳ 72 ಗಂಟೆಗಳಿಗೂ ತಪ್ಪಿಹೋಗುವ ಸಮಯ. ತಾಯಿ ಕಾರ್ಡ್ ತೆಗೆದು ಎರಡನೆಯ ಡೋಸಿನ ದಿನಾಂಕ ಬರೆದಿದೆಯೇ ಎಂದು ಇವತ್ತೇ ನೋಡಿ. ಅಲ್ಲಿ ಜಾಗ ಖಾಲಿಯಿದ್ದರೆ, ಎರಡು ವರ್ಷ ದಾಟಿದ ಮಗುವಾದರೂ ಸರಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ ಹಾಕಿಸಿ.